ಆಧಾರ್ ಕಾರ್ಡು ಮತ್ತು ಒಂದು ಬೆರಳು

ಬೆಳಗಾವಿಯ ಟಿಳಕವಾಡಿಯಲ್ಲಿ ಖೋಲಿ ಹುಡುಕುತ್ತ ಅಲೆದ ಮೂರನೆಯ ದಿನ. 'ಬಾಡಿಗೆಗೆ ಇದೆ' ಎಂಬ ಬೋರ್ಡು ಕಂಡು ಗೇಟು ತೆರೆದರೆ, ಮಾಲಕಿ ನನ್ನ ಗುಂಗುರು ಕೂದಲು ನೋಡಿದವರೇ ಇಂಗ್ಲಿಷಿನಲ್ಲಿ ಇಲ್ಲವೆಂದರು. ಅದೇ ಉತ್ತರ ಪಡೆದ ಇನ್ನೊಬ್ಬ ಹುಡುಗ ಮೆಟ್ಟಿಲ ಬಳಿ ನಿಂತಿದ್ದ. ಟಾಂಜಾನಿಯಾದವನು, ಫಾರ್ಮಸಿ ಓದಲು ಬಂದವನು. ನನ್ನನ್ನು ಕಂಡದ್ದೇ ಮುಖ ಅರಳಿಸಿ ಸ್ವಾಹಿಲಿಯಲ್ಲಿ ಏನೋ ಕೇಳಿದ.

ನಾನು ಅವನತ್ತ ತಿರುಗಲಿಲ್ಲ. "ಮಾವಶಿ, ನಾನು ಖಾನಾಪುರದವನು" ಎಂದು ಕನ್ನಡದಲ್ಲಿ ಹೇಳಿದೆ. ಸಾಲದೆಂದು ಮರಾಠಿಯಲ್ಲೂ ಹೇಳಿದೆ. ಆಧಾರ್ ಕಾರ್ಡು ತೆಗೆದು ತೋರಿಸಿದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. "ಕುಡಿತ, ಗಲಾಟೆ ಎಲ್ಲ ಇವರದು. ನಾವು ಹಾಗಲ್ಲ" ಎಂದೂ ಸೇರಿಸಿದೆ. ಆ ಹುಡುಗನನ್ನು ನೋಡಿ ಅರ್ಧ ನಿಮಿಷವೂ ಆಗಿರಲಿಲ್ಲ.

ಖೋಲಿ ಸಿಕ್ಕಿತು.

ನಾವು ಸಿದ್ದಿಗಳು. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ನಮ್ಮ ಹಿರಿಯರೂ ಇದ್ದರು. ಅವನ ಊರಿನ ನೆರೆಯವರೇ ಇದ್ದಿರಬಹುದು. ಹಳಿಯಾಳದ ನನ್ನ ಸೋದರಮಾವನಿಗೆ, ಉತ್ತರ ಕನ್ನಡದವನೆಂಬ ಕಾರಣಕ್ಕೆ, 2003ರಲ್ಲೇ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಜಾಗ ಸಿಕ್ಕಿತ್ತು. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳು ಆ ಪಟ್ಟಿಗೆ ಸೇರಿದ್ದು 2020ರಲ್ಲಿ. ಅಲ್ಲಿಯವರೆಗೆ ನನ್ನ ಅಪ್ಪ ಕಚೇರಿಯಿಂದ ಕಚೇರಿಗೆ ಹೋಗಿ ಹೇಳುತ್ತಿದ್ದದ್ದು ಒಂದೇ ಮಾತು: "ನಾವೂ ಅವರೇ, ಸಾಹೇಬರೇ." ಆ ಪಂಗಡದ ಪ್ರಮಾಣಪತ್ರವನ್ನು ಚೀಲದಲ್ಲಿಟ್ಟುಕೊಂಡೇ ನಾನು ಮೆಟ್ಟಿಲ ಮೇಲೆ ನಿಂತು ಉಲ್ಟಾ ಹೇಳಿದ್ದೆ.

ತಿಂಗಳ ನಂತರ ಚಹಾದ ಅಂಗಡಿಯಲ್ಲಿ ಅವನೇ ಸಿಕ್ಕ. ಊರಾಚೆ ಎಲ್ಲೋ ಹೆಚ್ಚಿನ ಬಾಡಿಗೆಗೆ ಖೋಲಿ ಹಿಡಿದಿದ್ದನಂತೆ. ಮಾತು ತೋಚದೆ, "ಫುಟ್‌ಬಾಲ್ ಆಡುತ್ತೀಯಾ?" ಎಂದು ಕೇಳಿದೆ. ಕೇಳಿದ ಮೇಲೆ ನಾಲಗೆ ಕಚ್ಚಿಕೊಂಡೆ. ಕಾಲೇಜಿನಲ್ಲಿ ಕಂಡವರೆಲ್ಲ ನನ್ನನ್ನು "ಓಡುತ್ತೀಯಾ? ಕುಣಿಯುತ್ತೀಯಾ?" ಎಂದು ಕೇಳಿ ಬೇಸರ ತರಿಸಿದ್ದರು, ನಾನು ಓಟದಲ್ಲಿ ಯಾವಾಗಲೂ ಕೊನೆಯವನು.

"ಮೊಣಕಾಲು ನೋವು" ಎಂದು ಅವನು ನಕ್ಕ. ಬಸಿಯನ್ನು ಪಕ್ಕಕ್ಕೆ ಸರಿಸಿ, "ಆ ದಿನ ಅವರಿಗೆ ಏನು ಹೇಳಿದೆ?" ಎಂದು ಕೇಳಿದ.

"ನಾನು ಇದೇ ಜಿಲ್ಲೆಯವನು ಎಂದು."

"ಅದಕ್ಕೆ ಬೆರಳು ನನ್ನ ಕಡೆ ಯಾಕೆ ತೋರಿಸಿದೆ?"