ಆಯಿಲ್ ಜಾಸ್ತಿಯೇ ಆಗಿದೆ ಮಾರಾಯ್ರೆ

"ಆಯಿಲ್ ಕಮ್ಮಿ ಆಗ್ಲೇ ಇಲ್ಲ ಮಾರಾಯ್ರೆ, ಜಾಸ್ತಿಯೇ ಆಗಿದೆ!"

ಮಣಿಪಾಲದ ಹತ್ತಿರದ ಮೈದಾನವೊಂದರಲ್ಲಿ, ಕೂತು ಓಡಿಸುವ ಹುಲ್ಲಿನ ಮೆಷಿನ್ ನೋಡಿಕೊಳ್ಳುವವರು ಮೊನ್ನೆ ಎಂಜಿನ್ ಆಯಿಲ್ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ಎತ್ತಿ ಹಿಡಿದು ಖುಷಿಯಲ್ಲಿ ಹೇಳಿದ ಮಾತಿದು. ಇನ್ನೂ ಕಿವಿಯಿಂದ ಹೋಗಿಲ್ಲ. ಮೇಲಿನ ಗೆರೆಗಿಂತ ಒಂದು ಬೆರಳು ಮೇಲೆ ಆಯಿಲ್, ನೀರಿನ ಹಾಗೆ ತೊಟ್ಟಿಕ್ಕುತ್ತಿತ್ತು. ಮೂಗಿನ ಹತ್ತಿರ ತಂದರೆ ಪೆಟ್ರೋಲ್ ವಾಸನೆ.

ಆಯಿಲ್ ತಾನಾಗಿ ಹೆಚ್ಚುವುದಿಲ್ಲ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನಿಗೆ ಕೊಡುವ ಕಾರ್ಬ್ಯುರೇಟರ್ ಒಳಗೆ, ಪೆಟ್ರೋಲಿನಲ್ಲಿ ತೇಲುವ ಫ್ಲೋಟ್ ಮೇಲೆ ಬಂದಾಗ ಪೆಟ್ರೋಲಿನ ದಾರಿ ಮುಚ್ಚುವ ಸಣ್ಣ ಸೂಜಿ ಇದೆ. ಅದರ ತುದಿಗೆ ಕಸ ಸಿಕ್ಕಿದರೂ, ತುದಿ ಸವೆದರೂ ದಾರಿ ಮುಚ್ಚದು. ಟ್ಯಾಂಕ್ ಎತ್ತರದಲ್ಲಿದ್ದರೆ ಪೆಟ್ರೋಲ್ ರಾತ್ರಿಯಿಡೀ ಸಿಲಿಂಡರಿಗೆ ಇಳಿದು, ಪಿಸ್ಟನ್ ರಿಂಗಿನ ಸಂದಿಯಲ್ಲಿ ಜಾರಿ ಆಯಿಲಿಗೆ ಸೇರುತ್ತದೆ. ತೆಳ್ಳಗಾದ ಆಯಿಲ್ ಬೇರಿಂಗ್ ಕಾಯದು. ಸಿಲಿಂಡರ್ ತುಂಬಿರುವಾಗ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗಬಹುದು, ಒಳಗಿನ ಆವಿಗೆ ಕಿಡಿ ತಾಗಿದರೆ ಬೆಂಕಿಯೇ. ಅವರ ಕೈ ಆಗಲೇ ಕೀ ಮೇಲಿತ್ತು.

ಅವರನ್ನು ದೂರಲು ಮನಸ್ಸು ಬರುವುದಿಲ್ಲ. ಸೀಟು, ಬಾನೆಟ್ಟು ದಿನಾ ಒರೆಸುವವರು. ಆಯಿಲ್ ಕಮ್ಮಿ ಆಗಬಾರದು ಅಂತ ಯಾರೋ ಹೇಳಿದ್ದಾರೆ, ಹೆಚ್ಚಾಗಬಾರದು ಅಂತ ಯಾರೂ ಹೇಳಿಲ್ಲ. ಲಕ್ಷಗಟ್ಟಲೆ ಕೊಟ್ಟು ಮೆಷಿನ್ ತಂದವರು ಪುಸ್ತಕವನ್ನು ಆಫೀಸಿನ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾರೆ. ಓಡಿಸುವವನಿಗೆ ಅರ್ಧ ಗಂಟೆ ಕೂರಿಸಿ ಹೇಳಿಕೊಡದವರಿಗೆ ಮೆಷಿನ್ ಹಾಳಾಯಿತು ಎಂದು ಬಯ್ಯುವ ಹಕ್ಕು ಎಲ್ಲಿಂದ ಬಂತು?

ಪೆಟ್ರೋಲ್ ಬರುವ ನಲ್ಲಿ, ಅಂದರೆ ಕಾಕ್, ಬಂದ್ ಮಾಡಿ, ಪ್ಲಗ್ಗಿನ ವಯರ್ ಕಳಚಿ, ಆಯಿಲ್ ಪೂರ್ತಿ ಇಳಿಸಿದ್ದಾಯಿತು. ಫ್ಲೋಟ್ ಬಟ್ಟಲು ಬಿಚ್ಚಿದರೆ ತಳದಲ್ಲಿ ಬಿಳಿ ಪುಡಿ. ಮಳೆಗಾಲದ ಆಟಿ, ಸೋಣ ಎರಡೂ ತಿಂಗಳು ಟ್ಯಾಂಕಿನಲ್ಲೇ ಪೆಟ್ರೋಲ್ ಇತ್ತಂತೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಅದು ನಮ್ಮ ಮಳೆಗಾಲದ ತೇವ ಎಳೆದುಕೊಂಡು ಅಲ್ಯೂಮಿನಿಯಂ ತಿನ್ನುತ್ತದೆ. ಮೇ ಕೊನೆಗೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಬಿಟ್ಟಿದ್ದರೆ ಇಷ್ಟೆಲ್ಲ ಇರಲಿಲ್ಲ. ಸೂಜಿ, ಅದರ ತುದಿ ಕೂರುವ ಸೀಟು, ಪೆಟ್ರೋಲ್ ಫಿಲ್ಟರ್ ಹೊಸದು. ಪ್ಲಗ್ ತೆಗೆದು ಒಂದೆರಡು ಸುತ್ತು ತಿರುಗಿಸಿ ಸಿಲಿಂಡರ್ ಖಾಲಿ ಮಾಡಿ, ಪ್ಲಗ್ ಗ್ಯಾಪ್ 0.76 ಮಿ.ಮೀ. ಇಟ್ಟು, ಎಸ್‌ಎಇ 30 ಆಯಿಲ್ ಸುಮಾರು 1.4 ಲೀಟರ್ ಹಾಕಿದ್ದು. ಇದು ಒಂದೇ ಸಿಲಿಂಡರಿನ ಎಂಜಿನ್. ಎರಡು ಸಿಲಿಂಡರಿನದಾದರೆ 1.9 ಲೀಟರ್ ಹತ್ತಿರ ಬೇಕು. ಅಳತೆಗಿಂತ ಕಡ್ಡಿಯ ಗೆರೆಯನ್ನೇ ನಂಬಬೇಕು, ಅದೂ ಮೆಷಿನ್ ಸಮತಟ್ಟು ಜಾಗದಲ್ಲಿದ್ದಾಗ.

ಹೊಟ್ಟೆಯಡಿ ಬಗ್ಗಿ ನೋಡಿದರೆ ಬ್ಲೇಡಿನ ಮೇಲೆ ಮುಚ್ಚಿದ ತಗಡಿಗೆ, ಅಂದರೆ ಡೆಕ್ಕಿಗೆ, ಹಳೆ ಹುಲ್ಲು ಸೆಗಣಿ ಬಳಿದಂತೆ ಅಂಟಿತ್ತು, ಕೆಳಗೆ ತುಕ್ಕು. ಮರದ ತುಂಡಿನಿಂದ ಹೆರೆದು ತೆಗೆಯಬೇಕು. ಪ್ರೆಶರ್ ಪೈಪ್ ಹಿಡಿದರೆ ಬ್ಲೇಡ್ ತಿರುಗಿಸುವ ಸ್ಪಿಂಡಲಿನ ಬೇರಿಂಗಿಗೆ ನೀರು ಹೋಗುತ್ತದೆ. ಬ್ಲೇಡಿನ ಅಂಚು ಮುರಕಲ್ಲಿಗೆ ಬಡಿದು ಗರಗಸದಂತಾಗಿತ್ತು. ಮಸೆದ ಮೇಲೆ ನಡುವಿನ ತೂತನ್ನು ಮೊಳೆಗೆ ಸಿಕ್ಕಿಸಿ ನೋಡಬೇಕು. ಒಂದು ಕಡೆ ವಾಲಿದರೆ ಆ ಕಡೆಯಿಂದ ಇನ್ನೂ ಸ್ವಲ್ಪ ಮಸೆಯಬೇಕು. ತೂಕ ಸರಿಯಿಲ್ಲದ ಬ್ಲೇಡು ಬೇರಿಂಗನ್ನೇ ತಿನ್ನುತ್ತದೆ. ನಮ್ಮಲ್ಲಿ ಮೇಲೆ ಹೊಳೆದರೆ ಶಹಬ್ಬಾಸ್. ಹೊಟ್ಟೆಯಡಿ ಕೈ ಹಾಕಿ ಮಸಿ ಮಾಡಿಕೊಳ್ಳುವವನ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ, ಸಂಬಳ ಏರಿಸುವಾಗಲೂ.

ಹೊರಡುವಾಗ ಹೇಳಿದ್ದು ಇಷ್ಟೇ: ಸಂಜೆ ನಿಲ್ಲಿಸಿದ ಕೂಡಲೇ ಕಾಕ್ ಬಂದ್, ಬೆಳಿಗ್ಗೆ ಕೀಗೆ ಮೊದಲು ಕಡ್ಡಿ, ಮೂಸಿ ನೋಡುವುದು ಮರೆಯಬೇಡಿ.

ಮರುದಿನ ಏಳು ಗಂಟೆಗೇ ಫೋನ್.

"ನಿನ್ನೆ ಇದ್ದಷ್ಟೇ ಇದೆ ಮಾರಾಯ್ರೆ. ವಾಸನೆಯೂ ಇಲ್ಲ. ಸ್ಟಾರ್ಟ್ ಮಾಡ್ಲಾ?"