ಹೆರಿಗೆಯಾದರೂ ಹೊಟ್ಟೆ ಇಳಿಯಲಿಲ್ಲ

ಮೊದಲ ಹೆರಿಗೆಯಾಗಿ ಮೂರು ವಾರವಾಗಿತ್ತು. ಹೊಟ್ಟೆ ಇಳಿಯುವ ಬದಲು ದಿನದಿಂದ ದಿನಕ್ಕೆ ದಪ್ಪವಾಗುತ್ತಿತ್ತು, ಬಲಗಡೆ ಪಕ್ಕೆಲುಬಿನ ಕೆಳಗೆ ಭಾರ, ಮುಟ್ಟಿದರೆ ನೋವು. ತೋರಿಸಲು ಹೋದರೆ "ಬಾಣಂತಿ ಹೊಟ್ಟೆ ಅಲ್ವಾ, ಇಳಿಯುತ್ತೆ" ಎಂದು ಕಳಿಸಿದರು. ನಾನೂ ಸುಮ್ಮನಾದೆ. ಒಂದು ರಾತ್ರಿ ಮಗ್ಗುಲು ಬದಲಿಸಿದಾಗ ಹೊಟ್ಟೆಯೊಳಗಿನ ಭಾರವೂ ನನ್ನ ಜೊತೆ ನಿಧಾನವಾಗಿ ಈ ಕಡೆ ಸರಿಯಿತು. ಅದು ನೀರು.

ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿದ ಮೇಲೆ ಬಡ್-ಕಿಯಾರಿ ಸಿಂಡ್ರೋಮ್ ಅಂತ ಗೊತ್ತಾಯಿತು. ಲಿವರ್‌ನಿಂದ ರಕ್ತ ಹೊರಗೆ ಹೋಗುವ ಸಿರೆಗಳು, ಹೆಚ್ಚಾಗಿ ರಕ್ತ ಹೆಪ್ಪುಗಟ್ಟಿ, ಕಟ್ಟಿಕೊಳ್ಳುವ ಕಾಯಿಲೆ. ರಕ್ತ ಒಳಗೆ ಬರುತ್ತಲೇ ಇರುತ್ತದೆ, ಹೋಗಲು ದಾರಿಯಿಲ್ಲ, ಹಾಗಾಗಿ ಲಿವರ್ ಊದಿಕೊಂಡು ಹೊಟ್ಟೆಗೆ ನೀರು ಜಿನುಗುತ್ತದೆ. ಡಾಕ್ಟರ್ ಜಾರ್ಜ್ ಬಡ್ 1845ರಲ್ಲೇ, ಡಾಕ್ಟರ್ ಹಾನ್ಸ್ ಕಿಯಾರಿ 1899ರಲ್ಲಿ ಇದರ ಬಗ್ಗೆ ಬರೆದಿದ್ದರು. ಆದರೂ ಅಪರೂಪದ ಕಾಯಿಲೆ, ಬೇಗ ಯಾರಿಗೂ ಹೊಳೆಯುವುದಿಲ್ಲ.

ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗದಿರಲಿ ಎಂದು ಬಸುರಿಯ ದೇಹ ರಕ್ತವನ್ನು ಬೇಗ ಹೆಪ್ಪುಗಟ್ಟುವ ಹಾಗೆ ಮಾಡಿಕೊಳ್ಳುತ್ತದೆ. ಮಗು ಹುಟ್ಟಿದ ಕೂಡಲೇ ಅದು ನಿಲ್ಲುವುದಿಲ್ಲ, ಇನ್ನೂ 6 ವಾರ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಮುಂದುವರಿಯುತ್ತದೆ. ಎಲ್ಲರೂ ಮಗುವನ್ನೇ ನೋಡುವ ಆ ದಿನಗಳಲ್ಲೇ ಅಪಾಯ ಹೆಚ್ಚು. ಇದು ನನಗೆ ಮೊದಲೇ ಗೊತ್ತಿರಬೇಕಿತ್ತು. ಬರೀ ಬಸಿರಿನಿಂದಲೇ ಈ ಕಾಯಿಲೆ ಬರುವುದು ಕಡಿಮೆ, ಹುಡುಕಿದರೆ ಸಾಮಾನ್ಯವಾಗಿ ಹಿಂದೆ ಇನ್ನೊಂದು ಕಾರಣ ಇರುತ್ತದೆ. ನನಗೆ ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಇತ್ತು, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಾಗಿ ರಕ್ತ ಹೆಪ್ಪುಗಟ್ಟಿಸುವ ಕಾಯಿಲೆ. ಕೆಲವರಿಗೆ ರಕ್ತಕಣಗಳು ಅತಿಯಾಗಿ ಹುಟ್ಟುವ ಹಾಗೆ ಮಾಡುವ ಜಾಕ್2 ಜೀನಿನ ತೊಂದರೆ, ಕೆಲವರಿಗೆ ಹುಟ್ಟಿನಿಂದಲೇ ರಕ್ತ ಬೇಗ ಹೆಪ್ಪುಗಟ್ಟುವ ಫ್ಯಾಕ್ಟರ್ 5 ಲೀಡನ್. ಆ ಪರೀಕ್ಷೆಗಳನ್ನು ಬಿಡಬೇಡಿ.

ಸಿರೆ ತೆರೆದಿರಲಿ ಎಂದು ಸ್ಟೆಂಟ್ ಎನ್ನುವ ಸಣ್ಣ ಕೊಳವೆ ಹಾಕಿದರು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಶುರುವಾಯಿತು. ಇನ್ನೊಂದು ಮಗುವಿನ ಮಾತೆತ್ತಿದಾಗ ಒಬ್ಬರು "ಆ ಆಸೆ ಬಿಟ್ಟುಬಿಡಿ" ಎಂದರು. ಕಾಯಿಲೆ ಹಿಡಿತದಲ್ಲಿದ್ದರೆ ಹಾಗೆ ಹೇಳುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಚಿಕಿತ್ಸೆ ಸರಿಯಾಗಿ ಆಗಿದ್ದರೆ ತಾಯಂದಿರು ಹೆಚ್ಚಾಗಿ ಚೆನ್ನಾಗಿಯೇ ಇರುತ್ತಾರೆ. ಆದರೆ ಗರ್ಭಪಾತ, ದಿನ ತುಂಬುವ ಮುಂಚಿನ ಹೆರಿಗೆ, ಇವೆರಡೂ ಜಾಸ್ತಿ. ಅದನ್ನು ಮುಚ್ಚಿಡಬಾರದು.

ಎರಡನೇ ಬಸಿರಿಗೆ ಮುಂಚೆ ನಾವು ಎಂಡೋಸ್ಕೋಪಿ, ಅಂದರೆ ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಪರೀಕ್ಷೆ, ಮಾಡಿಸಿದೆವು. ಬಸಿರಿನಲ್ಲಿ ದೇಹದ ರಕ್ತ ಸುಮಾರು 40ರಿಂದ 50 ಪರ್ಸೆಂಟ್ ಹೆಚ್ಚುತ್ತದೆ, ಲಿವರ್‌ನ ತೊಂದರೆಯಿಂದ ಅನ್ನನಾಳದಲ್ಲಿ ಊದಿದ ಸಿರೆಗಳಿದ್ದರೆ ಒಡೆದು ರಕ್ತ ಬರಬಹುದು. ವಾರ್ಫರಿನ್ ಬಸಿರಿನ 6ರಿಂದ 12ನೇ ವಾರದೊಳಗೆ ಮಗುವಿನ ಅಂಗಗಳಿಗೆ ಹಾನಿ ಮಾಡಬಲ್ಲದು. ಹಾಗಾಗಿ ಮುಟ್ಟು ತಪ್ಪಿದ ವಾರವೇ ಪರೀಕ್ಷೆ ಮಾಡಿಕೊಂಡು, ಡಾಕ್ಟರಿಗೆ ತಿಳಿಸಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇನ್ನೊಂದು ಔಷಧವಾದ ಹೆಪಾರಿನ್ ಇಂಜೆಕ್ಷನ್‌ಗೆ ಬದಲಾದೆ. ದಿನಕ್ಕೆ ಎರಡು. ಹೊಟ್ಟೆಯ ಚರ್ಮ ಚಿವುಟಿ ಹಿಡಿದು, ಸೂಜಿ ನೇರ ಚುಚ್ಚಿ, ನಿಧಾನವಾಗಿ ಒತ್ತಬೇಕು, ಆಮೇಲೆ ತಿಕ್ಕಬಾರದು. ಏಳನೇ ತಿಂಗಳ ಹೊತ್ತಿಗೆ ಹೊಟ್ಟೆ ಬಿಗಿದು ಚಿವುಟಲು ಚರ್ಮವೇ ಸಿಗುತ್ತಿರಲಿಲ್ಲ, ತೊಡೆಗೆ ಹಾಕಿಕೊಂಡೆ. ತೊಡೆಯ ತುಂಬ ನೀಲಿ, ಹಳದಿ ಕಲೆ.

ಮಗಳು 35ನೇ ವಾರಕ್ಕೆ ಬಂದಳು. ಆಮೇಲೂ 6 ವಾರ ಇಂಜೆಕ್ಷನ್ ಬಿಡಲಿಲ್ಲ, ನಂತರ ಮತ್ತೆ ವಾರ್ಫರಿನ್. ಎರಡರಲ್ಲೂ ಹಾಲುಣಿಸಬಹುದು. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಮಾತ್ರ ನಮ್ಮಂಥವರಿಗೆ ಬೇಡವೇ ಬೇಡ.

ಆ 6 ವಾರ ಪ್ರತಿದಿನ ಬೆಳಿಗ್ಗೆ ಹೊಕ್ಕುಳ ಮೇಲೆ ಟೇಪು ಸುತ್ತಿ ಅಳೆದು ಬರೆದಿಡುತ್ತಿದ್ದೆ. ಈ ಸಲ ಅಳತೆ ಇಳಿಯುತ್ತಾ ಹೋಯಿತು.