42 ಅಂದ್ರೆ ಏನು ಅಂತ ಕೇಳುವವರಿಗೆ

42 ನನ್ನ ವಯಸ್ಸಲ್ಲ. ಅಂಗಿಯ ಸೈಜೂ ಅಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಬಂದ ಮಾರ್ಕ್ಸ್ ಅಂತೂ ಅಲ್ಲವೇ ಅಲ್ಲ.

ನನ್ನ ಹತ್ತಿರ ಒಂದು ಕಪ್ಪು ಟೀ ಶರ್ಟ್ ಇದೆ. ಎದೆಯ ಮೇಲೆ ದಪ್ಪ ಅಕ್ಷರದಲ್ಲಿ 42 ಅಂತ ಇದೆ. ಅದನ್ನು ಹಾಕಿಕೊಂಡು ಹಾಲು ತರೋಕೆ ಹೋದರೂ ಯಾರಾದರೂ ನಿಲ್ಲಿಸಿ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ. ಬೇಜಾರಾದರೆ ಆಗಲಿ.

ಡಗ್ಲಸ್ ಆಡಮ್ಸ್ ಅಂತ ಇಂಗ್ಲೆಂಡಿನ ಲೇಖಕ. 1978ರಲ್ಲಿ ಬಿಬಿಸಿ ರೇಡಿಯೋಗೆ 'ದಿ ಹಿಚ್‌ಹೈಕರ್ಸ್ ಗೈಡ್ ಟು ದ ಗ್ಯಾಲಕ್ಸಿ' ಅನ್ನುವ ತಮಾಷೆಯ ವೈಜ್ಞಾನಿಕ ನಾಟಕ ಬರೆದ. ಮರುವರ್ಷ ಅದನ್ನೇ ಕಾದಂಬರಿ ಮಾಡಿದ. ಅದರಲ್ಲೊಂದು ದೈತ್ಯ ಕಂಪ್ಯೂಟರ್ ಇದೆ. ಬದುಕು, ವಿಶ್ವ, ಎಲ್ಲದರ ಬಗೆಗಿನ ಮೂಲ ಪ್ರಶ್ನೆಗೆ ಉತ್ತರ ಹೇಳು ಅಂದರೆ 75 ಲಕ್ಷ ವರ್ಷ ಯೋಚಿಸಿ 42 ಅನ್ನುತ್ತದೆ. ಪ್ರಶ್ನೆ ಏನಿತ್ತು ಅಂತ ಯಾರಿಗೂ ಗೊತ್ತಿಲ್ಲ. ಮುಗೀತು.

"ಅಷ್ಟೇನಾ?"

ನನಗೆ ಸಿಟ್ಟು ಬರುವುದು ಮೊದಲ ಪ್ರಶ್ನೆಗಲ್ಲ, ಈ "ಅಷ್ಟೇನಾ"ಗೆ. ನಾನೇನೋ ಬಚ್ಚಿಟ್ಟಿದ್ದೇನೆ ಅನ್ನುವ ಹಾಗೆ. ಆಫೀಸಿನಲ್ಲಿ ಒಬ್ಬರು ಅಕ್ಷರ, ಚಿಹ್ನೆಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಕಂಪ್ಯೂಟರಿನ ಆಸ್ಕಿ ಪಟ್ಟಿಯಲ್ಲಿ 42 ಅಂದರೆ ನಕ್ಷತ್ರದ ಚಿಹ್ನೆ, ಅದಕ್ಕೇ ಅಂದರು. ಇನ್ನೊಬ್ಬರು ಹತ್ತರ ಬದಲು ಹದಿಮೂರರ ಆಧಾರದಲ್ಲಿ ಲೆಕ್ಕ ಹಾಕಿದರೆ ಆರೊಂಬತ್ತಲಿ 42 ಆಗುತ್ತೆ ಅಂತ ಟಿಶ್ಯೂ ಪೇಪರಿನ ಮೇಲೆ ಬರೆದು ತೋರಿಸಿದರು. ಎರಡೂ ನಿಜ. ಆದರೆ ಆಡಮ್ಸ್ ಸ್ವತಃ ಹೇಳಿದ್ದಾನೆ, ಅದು ಬರೀ ಜೋಕು ಅಂತ. ಒಂದು ಸಣ್ಣ, ಸಾದಾ ಸಂಖ್ಯೆ ಬೇಕಿತ್ತಂತೆ. ತೋಟದ ಕಡೆ ನೋಡಿದನಂತೆ, 42 ನಡೆಯುತ್ತೆ ಅನ್ನಿಸಿತಂತೆ. ಆತ 2001ರಲ್ಲಿ ತೀರಿಕೊಂಡ. ಇಲ್ಲದಿದ್ದರೆ ನಿಮ್ಮನ್ನೆಲ್ಲ ಅವನ ಮನೆಗೇ ಕಳಿಸುತ್ತಿದ್ದೆ.

ಹೋದ ವರ್ಷ ಒಂದು ಗೃಹಪ್ರವೇಶ. ರಾತ್ರಿ ಬಸ್ಸಿನಿಂದ ಇಳಿದವನು ಬಟ್ಟೆ ಬದಲಿಸದೆ ಪಂಕ್ತಿಯಲ್ಲಿ ಕೂತುಬಿಟ್ಟೆ. ಪಕ್ಕದಲ್ಲಿ ದೊಡ್ಡಪ್ಪ. "ಏನೋ ಇದು 42?" ಅಂದರು. ನಾನು ಬಾಯಿ ತೆಗೆಯುವ ಮೊದಲೇ ಅವರೇ ಕೂಡಿದರು. "ನಾಲ್ಕು ಎರಡು ಆರು. ಆರು ಅಂದ್ರೆ ಶುಕ್ರ. ಯಾರೋ ಬಲ್ಲವರೇ ಹೇಳಿರಬೇಕು. ಮದುವೆ ಆಗುತ್ತೆ ಬಿಡು." ಎದುರು ಸಾಲಿನವರೂ ತಲೆಯೆತ್ತಿ ನೋಡಿದರು. ನಾನು "ಹೂಂ ದೊಡ್ಡಪ್ಪ" ಅಂದೆ. ಅದೇ ಗಡಿಬಿಡಿಯಲ್ಲಿ ಬಡಿಸುವವರಿಗೂ ಹೂಂ ಅಂದಿದ್ದೆ. ಎಲೆಗೆ ಮೂರನೇ ಹೋಳಿಗೆ ಬಿತ್ತು.

ಆ "ಹೂಂ" ಬಗ್ಗೆ ನನ್ನನ್ನು ಯಾರೂ ಕೇಳುವುದಿಲ್ಲ. ಕೇಳಬೇಕಾದ್ದು ಅದನ್ನೇ ಅಲ್ವಾ? ಆಡಮ್ಸ್‌ನ ಆ ಸರಣಿಯ ಪುಸ್ತಕಗಳಲ್ಲಿ ಯಂತ್ರಗಳು ಯಾವುದರಿಂದ ಓಡುತ್ತವೆ ಅಂತ ಯಾರಾದರೂ ಕೇಳಿದರೆ ನಾನೇ ಕಾಫಿ ಕೊಡಿಸುತ್ತೇನೆ. ದಾಕ್ಷಿಣ್ಯದಿಂದ ಓಡುತ್ತವೆ!

1982ರ ಮೂರನೇ ಪುಸ್ತಕ ನೋಡಿ. ಲಾರ್ಡ್ಸ್ ಮೈದಾನದಲ್ಲಿ ಕ್ರಿಕೆಟ್ ನಡೆಯುತ್ತಿರುವಾಗ ಅಂತರಿಕ್ಷ ನೌಕೆಯೊಂದು ಬಂದು ಇಳಿಯುತ್ತದೆ. ಅಷ್ಟೂ ಜನಕ್ಕೆ ಅದು ಕಾಣುವುದಿಲ್ಲ. ವಸ್ತುವನ್ನು ನಿಜವಾಗಿ ಮಾಯ ಮಾಡುವುದು ಭಾರಿ ಕಷ್ಟ. ಅದಕ್ಕೇ ಅದರ ಸುತ್ತ 'ಇದು ಬೇರೆಯವರ ತಲೆನೋವು' ಅನ್ನಿಸುವಂಥ ಒಂದು ಕ್ಷೇತ್ರ ಹರಡಿಬಿಟ್ಟರೆ ಸಾಕು, ಜನ ತಾವಾಗಿಯೇ ಕಣ್ಣು ಆಚೆ ತಿರುಗಿಸುತ್ತಾರೆ. ಒಂದು ಟಾರ್ಚ್ ಬ್ಯಾಟರಿಯಲ್ಲಿ ಅದು ನೂರು ವರ್ಷಕ್ಕಿಂತ ಜಾಸ್ತಿ ನಡೆಯುತ್ತದಂತೆ. ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ಹತ್ತಿರ ಪೈಪ್ ಸೋರಿದಾಗ ಮೂರು ದಿನ ಎಲ್ಲರೂ ನೀರು ದಾಟಿಕೊಂಡು ಓಡಾಡಿದೆವು. ನಮಗೆ ಬ್ಯಾಟರಿಯೂ ಬೇಕಾಗಲಿಲ್ಲ.

ಅದೇ ನೌಕೆಯೊಳಗೆ ಒಂದು ಇಟಾಲಿಯನ್ ಹೋಟೆಲ್ ಇದೆ. ಎಷ್ಟು ಜನ ಬರುತ್ತಾರೆ, ಯಾರು ಎಷ್ಟು ತಡವಾಗಿ ಬರುತ್ತಾರೆ, ಬಿಲ್ಲಿನಲ್ಲಿ ಯಾರ ಪಾಲೆಷ್ಟು ಅನ್ನುವ ಲೆಕ್ಕ ಯಾವತ್ತೂ ತಾಳೆಯಾಗುವುದಿಲ್ಲವಲ್ಲ, ನೌಕೆ ಹಾರುವುದೇ ಆ ಲೆಕ್ಕದ ಬಲದಿಂದ. ಬಿಲ್ ಬಂದ ಕೂಡಲೇ "ನಾನು ಕೊಡ್ತೀನಿ, ನಾನು ಕೊಡ್ತೀನಿ" ಅಂತ ಕೈ ಕೈ ಹಿಡಿದು ಎಳೆದಾಡುವ ನಮ್ಮಂಥವರನ್ನು ಕೂರಿಸಿದ್ದರೆ ಅದು ಎಲ್ಲಿಗೆ ಮುಟ್ಟುತ್ತಿತ್ತೋ.

ಈ ದಾಕ್ಷಿಣ್ಯವನ್ನು ಆಡಮ್ಸ್ ಸುಮ್ನೆ ಊಹಿಸಿ ಬರೆದದ್ದಲ್ಲ. 1976ರಲ್ಲಿ ಕೇಂಬ್ರಿಡ್ಜ್ ರೈಲ್ವೆ ನಿಲ್ದಾಣದಲ್ಲಿ ಕಾಫಿ, ಪೇಪರು, ಒಂದು ಪ್ಯಾಕೆಟ್ ಬಿಸ್ಕತ್ತು ತಗೊಂಡು ಕೂತಿದ್ದನಂತೆ. ಎದುರಿಗೆ ಕೂತ ಅಪರಿಚಿತ ಆ ಪ್ಯಾಕೆಟ್ ಒಡೆದು ಒಂದು ತಿಂದ. ಆಡಮ್ಸ್ ಏನೂ ಅನ್ನಲಾರದೆ ತಾನೂ ಒಂದು ತಿಂದ. ಅವನೊಂದು, ಇವನೊಂದು, ಮಾತಿಲ್ಲದೆ ಪ್ಯಾಕೆಟ್ ಖಾಲಿ. ಆತ ಎದ್ದು ಹೋದ ಮೇಲೆ ಪೇಪರ್ ಎತ್ತಿದರೆ ಕೆಳಗೆ ತನ್ನ ಪ್ಯಾಕೆಟ್ ಹಾಗೇ ಇದೆ! ಈ ಕತೆಯನ್ನು 1984ರ ನಾಲ್ಕನೇ ಪುಸ್ತಕದಲ್ಲಿ ನಾಯಕನ ಬಾಯಲ್ಲಿ ಹೇಳಿಸಿದ್ದಾನೆ. ಯಂತ್ರದ ಸುಳಿವಿಲ್ಲ, ಇಬ್ಬರ ಬಾಯೂ ಬೀಗ ಹಾಕಿದಂತೆ. ಆ ಇನ್ನೊಬ್ಬ ಎಷ್ಟು ದಿನ ಮನೆಯಲ್ಲಿ ಬೈದುಕೊಂಡನೋ ಪಾಪ.

ಇದನ್ನು ದೊಡ್ಡಪ್ಪನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಮೊನ್ನೆ ಅವರ ಮಗ ಫೋನ್ ಮಾಡಿದ್ದ. ಅವನಿಗೂ ಹುಡುಗಿ ನೋಡುತ್ತಿದ್ದಾರೆ. "ಅಣ್ಣ, ಆ ಶರ್ಟ್ ಎಲ್ಲಿ ಸಿಗುತ್ತೆ? ಅಪ್ಪ ತರಿಸ್ಕೋ ಅಂದ್ರು."

ಈಗಲಾದರೂ ನಿಜ ಹೇಳೋಣ ಅಂದುಕೊಂಡೆ. "ಸೈಜ್ ಎಷ್ಟೋ?" ಅಂತ ಕೇಳಿದೆ.

"ನಲವತ್ತೆರಡು" ಅಂದ.